ಜನ ಸಿಗುವುದಿಲ್ಲ

ನಮ್ಮ ಕಡೆ 'ಜನ' ಎಂದರೆ ಎಲ್ಲರೂ ಅಲ್ಲ. ತೋಟಕ್ಕೆ, ಗದ್ದೆಗೆ ಕೂಲಿಗೆ ಬರುವವರು ಮಾತ್ರ ಜನ. ಬೆಳಗ್ಗೆ ಯಾರಿಗಾದರೂ ಫೋನ್ ಮಾಡಿ 'ಇವತ್ತು ನಿಮ್ಮಲ್ಲಿ ಎಷ್ಟು ಜನ?' ಎಂದು ಕೇಳಿ. ಮನೆಯೊಳಗೆ ತಿಂಡಿ ತಿನ್ನುತ್ತಿರುವ ಆರು ಮಂದಿಯನ್ನು ಬಿಟ್ಟು, ಅಂಗಳದಲ್ಲಿ ಕತ್ತಿ ಹಿಡಿದು ನಿಂತವರನ್ನಷ್ಟೇ ಎಣಿಸಿ 'ನಾಲ್ಕು' ಎನ್ನುತ್ತಾರೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಎಲ್ಲಿಗೆ ಹೋದರೂ ಇದೇ ಎಣಿಕೆ. ನಾನು ಭಂಡಿಗಡಿಯ ದೇವಪ್ಪನವರ ಮಗ ಯಶವಂತ. ಎರಡೂವರೆ ಎಕರೆ ಅಡಿಕೆ ತೋಟದ ಮನೆಯವನು. ಚಿಕ್ಕಂದಿನಿಂದ ಹೀಗೇ ಎಣಿಸುತ್ತ ಬೆಳೆದೆ, ಅದರಲ್ಲಿ ತಪ್ಪೇನಿದೆ ಎಂದು ಯಾವತ್ತೂ ಅನ್ನಿಸಿರಲಿಲ್ಲ. ಅನ್ನಿಸುವಂತೆ ಮಾಡಿದವಳು ನನ್ನ ವಿದ್ಯಾರ್ಥಿನಿ. ಅವಳಿಗೆ ನಾನು ಏನು ಮಾಡಿದೆ ಎಂಬುದನ್ನು ಹೇಳಿಬಿಡುತ್ತೇನೆ.

ಕೊಪ್ಪದ ಒಂದು ಖಾಸಗಿ ಪದವಿ ಕಾಲೇಜಿನಲ್ಲಿ ನಾನು ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕ. ಕಾಲೇಜಿನ ಹೆಸರು ಬೇಡ, ಇನ್ನೂ ಅಲ್ಲೇ ಅನ್ನ ತಿನ್ನುತ್ತಿದ್ದೇನೆ. ಹದಿನಾಲ್ಕು ವರ್ಷದಿಂದ ಅತಿಥಿ. ಪ್ರತಿ ವರ್ಷ ಮೇ ತಿಂಗಳಲ್ಲಿ ಕೆಲಸ ಹೋಗುತ್ತದೆ, ಜುಲೈಯಲ್ಲಿ ಕಾರ್ಯದರ್ಶಿಗಳಿಗೆ ಮನಸ್ಸಾದರೆ ಮತ್ತೆ ಬರುತ್ತದೆ. ನಡುವಿನ ಎರಡು ತಿಂಗಳು ಊರವರು 'ರಜೆಯಾ ಸರ್?' ಎಂದು ಕೇಳಿದರೆ ಹೌದು ಎನ್ನುತ್ತೇನೆ.

ಮೂರನೇ ಸೆಮಿಸ್ಟರಿನಲ್ಲಿ ಒಂದು ಅಧ್ಯಾಯ ಬರುತ್ತದೆ: 'ಅಭಿವೃದ್ಧಿಶೀಲ ದೇಶದ ಆರ್ಥಿಕತೆಯಲ್ಲಿ ಶಿಕ್ಷಣದ ಮೌಲ್ಯ'. ಶಿಕ್ಷಣ ಒಂದು ಹೂಡಿಕೆ, ಮನುಷ್ಯನೇ ಬಂಡವಾಳ, ಓದಿನಿಂದ ಉತ್ಪಾದಕತೆ ಹೆಚ್ಚುತ್ತದೆ, ಹೀಗೆ ಒಂಬತ್ತು ಅಂಶಗಳು. ನಾನು ಹೇಳಿ ಬರೆಸುತ್ತೇನೆ, ಮಕ್ಕಳು ಬರೆದುಕೊಳ್ಳುತ್ತಾರೆ. ಅಡಿಕೆ ಕೊನೆ ಇಳಿಸುವವನು ಸೀಸನ್ನಿನಲ್ಲಿ ಒಂದು ವಾರಕ್ಕೆ ತರುವಷ್ಟನ್ನು ತಿಂಗಳಿಗೆ ತರುವ ಮನುಷ್ಯ ಓದಿನ ಲಾಭದ ಬಗ್ಗೆ ಒಂಬತ್ತು ಅಂಶ ಬರೆಸುತ್ತಿದ್ದರೆ ಯಾರಿಗಾದರೂ ನಗು ಬರಬೇಕು. ಯಾರೂ ನಗುತ್ತಿರಲಿಲ್ಲ. ಅವರಿಗೆ ನಿದ್ದೆ ಬರುತ್ತಿತ್ತು.

ಆ ಒಂಬತ್ತು ಅಂಶಗಳನ್ನು ಪೂರ್ತಿ ನಂಬಿದವಳು ದೀಪಶ್ರೀ ಒಬ್ಬಳೇ. ನರಸಿಂಹರಾಜಪುರದ ರಸ್ತೆಯಲ್ಲಿ ಶಾಂತವೀರಪ್ಪನವರ ಕಾಫಿ ತೋಟವಿದೆ. ಅವಳ ಅಪ್ಪ ವೆಂಕಟಯ್ಯ, ಅಮ್ಮ ಕಮಲಕ್ಕ, ಇಬ್ಬರೂ ಮದುವೆಗೆ ಮೊದಲಿನಿಂದ ಆ ತೋಟದ ಜನ. ಡಿಗ್ರಿ ಮುಗಿದಾಗ ಹುಡುಗಿಯನ್ನು ಕೊಪ್ಪದ ಬಟ್ಟೆ ಅಂಗಡಿಗೆ ಸೇರಿಸುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ನಾನು ಬೈಕ್ ಹತ್ತಿ ಅವರ ಮನೆಗೇ ಹೋದೆ.

"ಮೇಷ್ಟ್ರೆ, ನಮಗೆ ಇದೆಲ್ಲ ಎಂತ ಗೊತ್ತಾಗ್ತದೆ?" ಎಂದಳು ಕಮಲಕ್ಕ. "ಓದಿದ್ರೆ ಎಂತ ಆಗ್ತಾಳೆ ಇವಳು?"

"ನನ್ನ ಹಾಗೆ ಆಗ್ತಾಳೆ ಕಮಲಕ್ಕ. ಕಾಲೇಜಲ್ಲಿ ಪಾಠ ಮಾಡ್ತಾಳೆ."

"ನಿಮ್ಮನ್ನ ಕಾಲೇಜಲ್ಲಿ ಅತಿಥಿ ಅಂತಾರಂತಲ್ಲ. ಅತಿಥಿ ಅಂದ್ರೆ ನೆಂಟ್ರಲ್ವ? ಯಾವ ಮನೇಲಿ ನೆಂಟ್ರನ್ನ ಇಷ್ಟು ವರ್ಷ ಇಟ್ಕೊಳ್ತಾರೆ ಮಾರಾಯ್ರೆ?"

ಅವಳು ತಮಾಷೆಗೆ ಕೇಳಿದ್ದು. ನಾನೂ ನಕ್ಕೆ. ಆಮೇಲೆ ಒಂಬತ್ತು ಅಂಶಗಳನ್ನು ಅವಳಿಗೆ ಅರ್ಥವಾಗುವಂತೆ ಬಿಡಿಸಿ ಹೇಳಿದೆ. ಕಮಲಕ್ಕ ಮಗಳನ್ನು ಎಂ.ಎ.ಗೆ ಕಳಿಸಿದಳು. ದೀಪಶ್ರೀ ರ್‍ಯಾಂಕಿನ ಹತ್ತಿರ ಹತ್ತಿರ ಬಂದಳು. ಉಪನ್ಯಾಸಕರಾಗಲು ಬೇಕಾದ ಕೆಸೆಟ್ ಪರೀಕ್ಷೆಯನ್ನು ಮೊದಲ ಸಲಕ್ಕೇ ಪಾಸು ಮಾಡಿದಳು. ನಾನು ಅದನ್ನು ನಾಲ್ಕು ಸಲ ಬರೆದು ಕೈಬಿಟ್ಟಿದ್ದೆ. ರಿಸಲ್ಟ್ ಬಂದ ದಿನ ಅವಳು ಫೋನ್ ಮಾಡಿ, "ನಿಮ್ಮಿಂದ ಸರ್," ಎಂದು ಅತ್ತಳು. ನನಗೂ ಕಣ್ಣು ತುಂಬಿತು. ಆ ಕಣ್ಣೀರು ಸುಳ್ಳಲ್ಲ, ಇವತ್ತೂ ಆಣೆ ಮಾಡಿ ಹೇಳಬಲ್ಲೆ.

ಕಳೆದ ವರ್ಷ ಜುಲೈಯಲ್ಲಿ ಕಾಲೇಜು ಶುರುವಾದ ವಾರವೇ ವಿಶ್ವವಿದ್ಯಾಲಯದವರು ತಪಾಸಣೆಗೆ ಬಂದರು. ಅರ್ಥಶಾಸ್ತ್ರಕ್ಕೆ ಕೆಸೆಟ್ ಆದವರು ಯಾಕಿಲ್ಲ ಎಂದು ಕೇಳಿ ಹೋದರು. ಕಾಲೇಜಿನ ಆಡಳಿತ ಮಂಡಳಿ ಪತ್ರಿಕೆಯಲ್ಲಿ ಎರಡಂಗುಲದ ಜಾಹೀರಾತು ಹಾಕಿತು. ಹುದ್ದೆ ಒಂದೇ, ಅದೂ ಅತಿಥಿಯದೇ. ಅರ್ಜಿ ಬಂದದ್ದು ಎರಡು. ಒಂದು ನನ್ನದು, ಇನ್ನೊಂದು ದೀಪಶ್ರೀಯದು.

ಅವಳು ಅರ್ಜಿ ಕೊಟ್ಟ ಸಂಜೆಯೇ ಸ್ಟಾಫ್ ರೂಮಿಗೆ ಬಂದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಸರ್, ನಿಮ್ಮ ಜಾಗ ಅಂತ ನಂಗೆ ಗೊತ್ತಿರ್ಲಿಲ್ಲ. ಹೊಸ ಪೋಸ್ಟ್ ಅಂದ್ಕೊಂಡಿದ್ದೆ. ನೀವು ಬೇಡ ಅಂದ್ರೆ ಈಗ್ಲೇ ವಾಪಸ್ ತಗೋತೀನಿ."

ಆಗ ಒಂದು ಮಾತು ಸಾಕಾಗಿತ್ತು. ಬೇಡಮ್ಮ, ನನಗೆ ಈ ಕೆಲಸ ಬೇಕು ಎಂದಿದ್ದರೆ ಅವಳು ಸಂತೋಷದಿಂದಲೇ ಹೋಗುತ್ತಿದ್ದಳು. ಬೇರೆ ಊರಲ್ಲಿ ಪ್ರಯತ್ನ ಮಾಡುತ್ತಿದ್ದಳು. ಆದರೆ ಶಿಷ್ಯೆಯ ಮುಂದೆ ಕೈಯೊಡ್ಡುವುದು ಹೇಗೆ? ಅದಕ್ಕೂ ಒಂದು ಧೈರ್ಯ ಬೇಕು.

"ಛೆ, ಅದೆಂತ ಮಾತು!" ಎಂದೆ. "ಅರ್ಹತೆ ಇದ್ದವರಿಗೆ ಸಿಗಲಿ. ನೀನು ಬಂದರೆ ನನಗೇ ಹೆಮ್ಮೆ."

ಮನೆಗೆ ಬಂದು ಹೆಂಡತಿ ಭವ್ಯಳಿಗೆ ಇದನ್ನು ಹೇಳಿದಾಗ ಅವಳು ದೋಸೆ ತಿರುವಿ ಹಾಕುತ್ತಿದ್ದಳು.

"ದೊಡ್ಡ ಮನುಷ್ಯ ಆದ್ರಿ," ಎಂದಳು. "ಕೃತಿಕಾಗೆ ಶಿವಮೊಗ್ಗದ ಹಾಸ್ಟೆಲ್ ಬಿಡಿಸಿ ಕರ್ಕೊಂಡು ಬನ್ನಿ ಹಾಗಾದ್ರೆ."

ಕೃತಿಕಾ ನಮ್ಮ ಒಬ್ಬಳೇ ಮಗಳು. ಆಗ ಪಿಯುಸಿ ವಿಜ್ಞಾನ ಓದುತ್ತಿದ್ದಳು. ತೋಟಕ್ಕೆ ಹಳದಿ ಎಲೆ ರೋಗ ತಗುಲಿ ಫಸಲು ಅರ್ಧಕ್ಕೆ ಇಳಿದಿತ್ತು. ಹಾಗೆಂದು ನಾವೇನು ಉಪವಾಸ ಬೀಳುತ್ತಿರಲಿಲ್ಲ. ಉಣ್ಣಲು ಗದ್ದೆಯ ಅಕ್ಕಿ ಇತ್ತು, ಮನೆ ಸ್ವಂತದ್ದಿತ್ತು. ಕೆಲಸ ಹೋದರೆ ನಾನು ಬೆಳಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಲು ಜಾಗ ಇರುತ್ತಿರಲಿಲ್ಲ, ಅಷ್ಟೆ. ಆ ಅಂಗಿಗಾಗಿ ಮನುಷ್ಯ ಎಷ್ಟು ಕೆಳಗಿಳಿಯುತ್ತಾನೆ ಎಂಬುದು ನನಗೂ ಗೊತ್ತಿರಲಿಲ್ಲ.

ಆಯ್ಕೆಗೆ ಡೆಮೊ ಕ್ಲಾಸ್ ಇಟ್ಟರು. ಇಬ್ಬರೂ ಒಂದೇ ಪಾಠ ಮಾಡಬೇಕು, ಮಂಡಳಿಯವರು ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಾರೆ. ಪಾಠ ಯಾವುದೆಂದರೆ ಅದೇ, ಶಿಕ್ಷಣದ ಮೌಲ್ಯ. ಹಿಂದಿನ ದಿನ ಮಧ್ಯಾಹ್ನ ದೀಪಶ್ರೀ ಎರಡು ಬಗೆಯಲ್ಲಿ ಪಾಠ ತಯಾರಿಸಿಕೊಂಡು ನನ್ನ ಹತ್ತಿರ ಬಂದಳು. ನನ್ನ ಹತ್ತಿರವೇ ಬಂದಳು ನೋಡಿ! ಬಸ್ ಸ್ಟ್ಯಾಂಡ್ ಪಕ್ಕದ ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತ ಎರಡನ್ನೂ ಓದಿದೆ.

ಒಂದರಲ್ಲಿ ಅಂಕಿಅಂಶ, ಕೋಷ್ಟಕ, ರೇಖಾಚಿತ್ರ ಇದ್ದವು. ಅಚ್ಚುಕಟ್ಟಾಗಿತ್ತು, ಯಾರಿಗೂ ನೋಯುವಂಥದ್ದಲ್ಲ. ಇನ್ನೊಂದು 'ಜನ' ಎಂಬ ಮಾತಿನಿಂದ ಶುರುವಾಗುತ್ತಿತ್ತು. ಅದನ್ನು ಓದುತ್ತಿದ್ದಂತೆ ನನ್ನ ಬೆನ್ನು ನೆಟ್ಟಗಾಯಿತು. ಹದಿನಾಲ್ಕು ವರ್ಷದಲ್ಲಿ ನನಗೆ ಒಂದು ದಿನವೂ ಹೊಳೆಯದ ಪಾಠ ಅದು.

"ಯಾವುದು ಮಾಡ್ಲಿ ಸರ್?"

ಕಾಲೇಜಿನ ಆಡಳಿತ ಮಂಡಳಿಯ ಅಧ್ಯಕ್ಷರು ಅದೇ ಶಾಂತವೀರಪ್ಪನವರು. ವಾರ್ಷಿಕೋತ್ಸವದಲ್ಲಿ ಮೈಕ್ ಹಿಡಿದರೆ ಸಾಕು, 'ಈಗ ಎಲ್ಲರೂ ಓದಿದವರೇ, ತೋಟಕ್ಕೆ ಮಾತ್ರ ಜನ ಸಿಗುವುದಿಲ್ಲ' ಎನ್ನುವರು. ಸಭೆ ನಗುತ್ತದೆ, ನಾನೂ ಪ್ರತಿ ವರ್ಷ ಮುಂದಿನ ಸಾಲಿನಲ್ಲಿ ಕೂತು ನಕ್ಕಿದ್ದೇನೆ. ಎರಡನೇ ಪಾಠ ಅವರ ಮುಂದೆ ನಡೆದರೆ ಏನಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು.

"ಎರಡನೇದು ಮಾಡು," ಎಂದೆ. "ನಿಜ ಹೇಳುವ ಪಾಠ ಅದು. ಕೋಷ್ಟಕ ಯಾರು ಬೇಕಾದರೂ ಬರೀತಾರೆ."

ನಾನು ಸುಳ್ಳು ಹೇಳಲಿಲ್ಲ. ಒಳ್ಳೆಯ ಪಾಠ ಅದೇ ಆಗಿತ್ತು. ಈ ಒಂದು ನೆಪವನ್ನು ಹಿಡಿದುಕೊಂಡು ಇಷ್ಟು ದಿನ ನಿದ್ದೆ ಮಾಡಿದ್ದೇನೆ.

ಮರುದಿನ ಮೊದಲು ನನ್ನ ಸರದಿ. ಒಂಬತ್ತು ಅಂಶ ಹೇಳಿದೆ, ಬೋರ್ಡಿನ ಮೇಲೆ ಒಂದು ರೇಖೆ ಎಳೆದು ಅದು ಮೇಲಕ್ಕೆ ಹೋಗುವುದನ್ನು ತೋರಿಸಿದೆ. ಕಾರ್ಯದರ್ಶಿ ಜಯಪ್ರಕಾಶ್ ಆಕಳಿಸಿದರು. ಆಮೇಲೆ ಅವಳ ಸರದಿ. ನೀವೂ ಕೂತು ನೋಡಿ ಎಂದರು ಪ್ರಿನ್ಸಿಪಾಲರು, ಹಿಂದಿನ ಬೆಂಚಿನ ತುದಿಯಲ್ಲಿ ಕೂತೆ.

ದೀಪಶ್ರೀ ಬೋರ್ಡಿನ ಮೇಲೆ 'ಜನ' ಎಂದು ಬರೆದಳು. ಮುಂದಿನ ಬೆಂಚಿನ ಈಶಾನ ಎಂಬ ಹುಡುಗನನ್ನು ನೋಡಿದಳು. ಅವನದು ನೆಮ್ಮಾರ್ ಕಡೆಯ ದೊಡ್ಡ ತೋಟದ ಮನೆ.

"ಈಶಾನ, ನಿಮ್ಮನೇಲಿ ಇವತ್ತು ಎಷ್ಟು ಜನ?"

"ಏಳು ಜನ ಮೇಡಂ. ಮೆಣಸಿನ ಬಳ್ಳಿ ಕಟ್ಟಕ್ಕೆ ಬಂದಿದಾರೆ."

"ಅದ್ರಲ್ಲಿ ನಿಮ್ಮ ಅಪ್ಪ, ಅಮ್ಮ, ನೀನು ಸೇರಿದ್ಯಾ?"

"ಇಲ್ಲ ಮೇಡಂ. ನಾವು ಮನೆಯವ್ರಲ್ವ?"

ತರಗತಿ ನಕ್ಕಿತು. ಅವಳೂ ನಕ್ಕಳು. "ಸರಿ. ಈ ಕ್ಲಾಸಲ್ಲಿ ಜನದ ಮನೆಯಿಂದ ಬಂದವರು ಯಾರ್ಯಾರು?"

ನಗು ನಿಂತಿತು. ಯಾರೂ ಅಲುಗಾಡಲಿಲ್ಲ. ಅವಳು ತನ್ನ ಕೈಯನ್ನು ತಾನೇ ಮೇಲಕ್ಕೆತ್ತಿದಳು. ಕಿಟಕಿ ಪಕ್ಕದ ಒಬ್ಬ ಹುಡುಗಿ ನೋಡಿ ನೋಡಿ ಕೈ ಎತ್ತಿದಳು. ಆಮೇಲೆ ಒಂದೊಂದಾಗಿ ಕೈಗಳು ಎದ್ದವು. ಇಪ್ಪತ್ತೊಂದು ಮಕ್ಕಳಲ್ಲಿ ಹದಿಮೂರು. ನಾನು ಅವರಿಗೆ ಎರಡು ವರ್ಷದಿಂದ ಪಾಠ ಮಾಡುತ್ತಿದ್ದೆ, ನನಗೆ ಗೊತ್ತಿರಲಿಲ್ಲ.

"ಇವರೆಲ್ಲ ಓದಿದ್ರೆ ದೇಶದ ಉತ್ಪಾದನೆ ಹೆಚ್ಚುತ್ತೆ ಅಂತ ಪುಸ್ತಕದಲ್ಲಿದೆ," ಎಂದಳು. "ಇವರೆಲ್ಲ ಓದಿದ್ರೆ ತೋಟಕ್ಕೆ ಜನ ಸಿಗಲ್ಲ ಅಂತ ಊರಲ್ಲಿದೆ. ಎರಡೂ ನಿಜಾನೇ. ಜನ ಸಿಗಲ್ಲ ಅಂದ್ರೆ ಎಂತ? ಈ ಕೂಲಿಗೆ ಸಿಗಲ್ಲ ಅಂತ ತಾನೆ? ಓದಿದವರಿಗೆ ಇನ್ನೊಂದು ದಾರಿ ಇರುತ್ತೆ. ಇನ್ನೊಂದು ದಾರಿ ಇದ್ದವರು ಮಾತ್ರ ಕೊಟ್ಟ ಕೂಲಿಗೆ ಆಗಲ್ಲ ಅನ್ನಬಹುದು. ಶಿಕ್ಷಣದ ಮೊದಲ ಬೆಲೆ ಇದು. ಹಾಗಾದ್ರೆ ಅದರಿಂದ ನಷ್ಟ ಯಾರಿಗೆ? ನಷ್ಟ ಆಗುವವರು ಅದನ್ನ ಯಾಕೆ ಬೆಳೆಸಬೇಕು? ಇವತ್ತು ನಾವು ಕೇಳಬೇಕಾದ ಪ್ರಶ್ನೆ ಇದು."

ಮಕ್ಕಳಲ್ಲಿ ಒಬ್ಬರಿಗೂ ನಿದ್ದೆ ಬಂದಿರಲಿಲ್ಲ. ಈಶಾನನೇ ಎದ್ದು ನಿಂತು, ಕೂಲಿ ಜಾಸ್ತಿ ಕೊಟ್ಟರೆ ನಮಗೆ ಗಿಟ್ಟುವುದಿಲ್ಲವಲ್ಲ ಮೇಡಂ ಎಂದು ವಾದ ಮಾಡಿದ. ಕೈ ಎತ್ತಿದ್ದ ಹುಡುಗಿ ಅವನಿಗೆ ಉತ್ತರ ಕೊಟ್ಟಳು. ಬೆಲ್ ಹೊಡೆದರೂ ಯಾರೂ ಏಳಲಿಲ್ಲ. ನಾನು ಓರೆಗಣ್ಣಿನಿಂದ ಶಾಂತವೀರಪ್ಪನವರನ್ನು ನೋಡಿದೆ. ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸುತ್ತಿದ್ದರು. ನನ್ನ ಕೆಲಸ ಉಳಿಯಿತು ಎಂದು ಆ ಕ್ಷಣವೇ ಗೊತ್ತಾಯಿತು. ಹೌದು, ಸಂತೋಷವೇ ಆಯಿತು.

ಪ್ರಿನ್ಸಿಪಾಲರ ಕೋಣೆಗೆ ನನ್ನನ್ನು ಕರೆದರು.

"ಹುಡುಗಿ ಚುರುಕಿದಾಳೆ ಮಾರಾಯ್ರೆ," ಎಂದರು ಶಾಂತವೀರಪ್ಪನವರು. ಅವರ ದನಿಯಲ್ಲಿ ಸಿಟ್ಟು ಇರಲೇ ಇಲ್ಲ. "ಯಾರ ಮಗಳು?"

"ನಿಮ್ಮ ತೋಟದ ವೆಂಕಟಯ್ಯನ ಮಗಳಲ್ವ ಸರ್," ಎಂದರು ಜಯಪ್ರಕಾಶ್.

"ಹೌದಾ? ನಮ್ಮ ಜನಾನೇ!" ಅವರಿಗೆ ನಿಜವಾಗಿಯೂ ಖುಷಿಯಾಯಿತು. "ನೋಡಿ, ನಮ್ಮ ಜನ ಎಲ್ಲಿಗೆ ಬಂತು! ಆದ್ರೆ ಕಾಲೇಜು ಅಂದ್ರೆ ಶಿಸ್ತು ಬೇಕು. ಯಶವಂತ, ನೀವೇ ಮುಂದುವರಿಸಿ. ಆ ಕೆಸೆಟ್ಟೋ ಎಂತದೋ, ಮುಂದಿನ ಸಲ ಬರೀರಿ. ಅವಳಿಗೂ ಒಂದು ದಾರಿ ಮಾಡಣ. ನಮ್ಮ ತೋಟದ ರೈಟರ್ ಬಿಟ್ಟು ಹೋಗಿದಾನೆ. ಇವಳಿಗೆ ಲೆಕ್ಕ ಬರ್ತದಲ್ಲ?"

ರೈಟರ್ ಎಂದರೆ ಬೆಳಗ್ಗೆ ಏಳೂವರೆಗೆ ತೋಟದ ಗೇಟಿನಲ್ಲಿ ನಿಂತು ಇವತ್ತು ಯಾರು ಬಂದರು, ಯಾರು ಬರಲಿಲ್ಲ ಎಂದು ಹಾಜರಿ ಬರೆದು, ಆಮೇಲೆ ಕೂತು ಕೂಲಿಯ ಲೆಕ್ಕ ಇಡುವವನು. ಕಾರಿಡಾರಿನಲ್ಲಿ ಕಾಯುತ್ತಿದ್ದ ದೀಪಶ್ರೀಗೆ ಇದನ್ನು ತಿಳಿಸುವ ಕೆಲಸವನ್ನೂ ನನಗೇ ಒಪ್ಪಿಸಿದರು.

"ನಾನು ಎಂತ ತಪ್ಪು ಮಾಡಿದೆ ಸರ್?"

"ಏನಿಲ್ಲ. ಪಾಠ ಚೆನ್ನಾಗಿತ್ತು. ಅವರಿಗೆ ಅನುಭವ ಬೇಕಂತೆ."

ಎರಡು ತಿಂಗಳು ಅವಳು ಬೇರೆ ಕಡೆ ಹುಡುಕಿದಳು. ಕಡೂರು, ತರೀಕೆರೆ, ಶಿವಮೊಗ್ಗ ಎಲ್ಲ ಕಡೆ ಪಾಠಗಳು ಆಗಲೇ ಹಂಚಿಹೋಗಿದ್ದವು. ಅಷ್ಟರಲ್ಲಿ ವೆಂಕಟಯ್ಯ ತೋಟದಲ್ಲಿ ಕೊಂಬೆ ಸವರಲು ಹತ್ತಿದ್ದ ಸಿಲ್ವರ್ ಮರದಿಂದ ಬಿದ್ದು ಸೊಂಟ ಮುರಿದುಕೊಂಡ. ಸೆಪ್ಟೆಂಬರಿನಲ್ಲಿ ದೀಪಶ್ರೀ ಗೇಟಿನ ಮುಂದೆ ನಿಂತು ತನ್ನ ಅಮ್ಮನ ಹೆಸರು ಕೂಗಿ ಹಾಜರಿ ಹಾಕತೊಡಗಿದಳು. ಅವಳ ಸಂಬಳ ನನ್ನದಕ್ಕಿಂತ ಸ್ವಲ್ಪ ಜಾಸ್ತಿಯೇ ಎಂದು ಜಯಪ್ರಕಾಶ್ ಒಂದು ದಿನ ನಗುತ್ತ ಹೇಳಿದರು. ನನಗೆ ಹೊಟ್ಟೆಕಿಚ್ಚಾಯಿತು, ಅದನ್ನೂ ಮುಚ್ಚಿಡುವುದಿಲ್ಲ.

ದೀಪಾವಳಿಯ ಹೊತ್ತಿಗೆ ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಅವಳು ಸಿಕ್ಕಳು. ನಾನು ಕಾಣದವನ ಹಾಗೆ ಆ ಕಡೆ ತಿರುಗಿದೆ. ಅವಳೇ ಹತ್ತಿರ ಬಂದಳು.

"ಸರ್, ಆ ಪಾಠ ಮಾಡಿದ್ರೆ ಅಧ್ಯಕ್ಷರಿಗೆ ಆಗಲ್ಲ ಅಂತ ನಿಮಗೆ ಮೊದ್ಲೇ ಗೊತ್ತಿತ್ತಲ್ವ?"

"ಇಲ್ಲ ದೀಪಶ್ರೀ, ನನಗೆ ಹೇಗೆ..."

"ಬಸ್ ಬಂತು ಸರ್," ಎಂದು ಅವಳು ಹತ್ತಿ ಹೋದಳು.

ಕತೆ ಇಲ್ಲಿಗೆ ಮುಗಿದಿದ್ದರೆ ಒಂದು ತಪ್ಪು ಮಾಡಿದೆ, ಪಶ್ಚಾತ್ತಾಪ ಪಟ್ಟೆ ಎಂದು ಹೇಳಿಕೊಂಡು ತಿರುಗಬಹುದಿತ್ತು. ಈ ವರ್ಷ ಮೇ ಬಂತು. ಕಾಲೇಜಿಗೆ ಮಕ್ಕಳು ಬರುತ್ತಿಲ್ಲ. ಅರ್ಥಶಾಸ್ತ್ರಕ್ಕೆ ಹದಿನೈದು ಮಂದಿ ಸೇರದಿದ್ದರೆ ವಿಷಯವನ್ನೇ ಮುಚ್ಚುತ್ತೇವೆ ಎಂದರು ಪ್ರಿನ್ಸಿಪಾಲರು. ನಾವು ಅತಿಥಿಗಳು ಅರ್ಜಿ ಫಾರಂ ಹಿಡಿದು ಮನೆ ಮನೆ ತಿರುಗಿದೆವು. ಮೆಣಸೆಯಿಂದ ಶುರುಮಾಡಿ ಬಾಳೆಹೊನ್ನೂರಿನ ತನಕ ಅಲೆದು ನಾನು ಹದಿನಾಲ್ಕು ಮಂದಿಯನ್ನು ಒಪ್ಪಿಸಿದೆ. ಇನ್ನೊಬ್ಬರು ಬೇಕಿತ್ತು. ಕಮಲಕ್ಕನ ಕಿರಿಯ ಮಗಳು ಗಗನಾ ಈ ವರ್ಷವೇ ಪಿಯುಸಿ ಪಾಸಾಗಿದ್ದಳು.

ಭಾನುವಾರ ಬೆಳಗ್ಗೆ ಹೋದೆ. ವೆಂಕಟಯ್ಯ ಒಳಗೆ ಮಲಗಿದ್ದ. ಕಮಲಕ್ಕ ಜಗುಲಿಯಲ್ಲಿ ಚಾಪೆ ಹಾಸಿ, "ಬನ್ನಿ ಮೇಷ್ಟ್ರೆ, ಬನ್ನಿ," ಎಂದು ಓಡಾಡಿದಳು. ದೀಪಶ್ರೀ ಗೋಡೆಗೆ ಒರಗಿ ಕೂತು ತಂಗಿಯ ಅಂಕಪಟ್ಟಿಯ ಜೆರಾಕ್ಸ್ ಪ್ರತಿಗಳನ್ನು ಜೋಡಿಸುತ್ತಿದ್ದಳು. ಪಕ್ಕದಲ್ಲಿ ಶಿವಮೊಗ್ಗದ ಒಂದು ನರ್ಸಿಂಗ್ ಕಾಲೇಜಿನ ಫಾರಂ ಇತ್ತು.

"ದೊಡ್ಡವಳು ತಂಗೀನ ನರ್ಸಿಂಗಿಗೆ ಹಾಕ್ತೀನಿ ಅಂತಾಳೆ," ಎಂದಳು ಕಮಲಕ್ಕ. "ಎಂಟು ತಿಂಗಳಿಂದ ಅದಕ್ಕೇ ಅಂತ ಕೂಡಿಸಿಟ್ಟಿದಾಳೆ. ನಂಗೆ ಹುಡುಗೀನ ಅಷ್ಟು ದೂರ ಕಳಿಸಕ್ಕೆ ಹೆದರಿಕೆ. ನೀವು ಎಂತ ಹೇಳ್ತೀರಿ ಮೇಷ್ಟ್ರೆ? ಅವತ್ತೂ ನೀವೇ ಹೇಳಿದ್ದು, ನಾನು ಕೇಳಿದೆ. ಇವತ್ತು ನನ್ನ ಮಗಳು ಕುರ್ಚಿ ಮೇಲೆ ಕೂತು ಬರೀತಾಳೆ. ಅದು ನಿಮ್ಮ ಪುಣ್ಯ."

ಅವಳು ಕೈ ಮುಗಿದಳು. ಒಂದು ಚೂರೂ ವ್ಯಂಗ್ಯ ಇರಲಿಲ್ಲ ಅದರಲ್ಲಿ. ಇದ್ದಿದ್ದರೆ ನಾನು ಎದ್ದು ಹೋಗುತ್ತಿದ್ದೆನೋ ಏನೋ.

ನರ್ಸಿಂಗ್ ಓದಿದ ಹುಡುಗಿಗೆ ಕೆಲಸ ಸಿಗುತ್ತದೆ. ಬಿ.ಎ. ಅರ್ಥಶಾಸ್ತ್ರ ಓದಿದವಳಿಗೆ ಏನು ಸಿಗುತ್ತದೆಂದು ತಿಳಿಯಲು ನಾನು ದೂರ ನೋಡಬೇಕಿರಲಿಲ್ಲ, ಎದುರಿಗೇ ಕೂತಿದ್ದಳು. ಎಲ್ಲ ಗೊತ್ತಿದ್ದೂ ಚೀಲದಿಂದ ಫಾರಂ ತೆಗೆದೆ.

"ಕೊಪ್ಪ ಹತ್ತಿರ ಕಮಲಕ್ಕ, ದಿನಾ ಮನೆಗೆ ಬರ್ತಾಳೆ. ಫೀಸೂ ಹೆಚ್ಚಿಲ್ಲ. ಓದು ಯಾವುದಾದರೇನು, ಕೈ ಬಿಡಲ್ಲ."

ಬಾಗಿಲಲ್ಲಿ ನಿಂತಿದ್ದ ಗಗನಾ ಅಕ್ಕನ ಮುಖ ನೋಡಿದಳು. ದೀಪಶ್ರೀ ಜೆರಾಕ್ಸ್ ಪ್ರತಿಗಳನ್ನು ಕೆಳಗಿಟ್ಟಳು.

"ಸರ್, ಕೃತಿಕಾಗೂ ಈ ವರ್ಷ ಪಿಯುಸಿ ಆಯ್ತಲ್ವ? ಅವಳನ್ನ ಎಲ್ಲಿಗೆ ಸೇರಿಸಿದ್ರಿ?"

ನಾನು ಫಾರಂನ ಮಡಿಕೆ ಸರಿಮಾಡಿದೆ. ಹಿಂದಿನ ವಾರವಷ್ಟೇ ಮಗಳನ್ನು ಮಂಗಳೂರಿಗೆ ಕರೆದುಕೊಂಡು ಹೋಗಿ ಫಿಸಿಯೋಥೆರಪಿಗೆ ಸೇರಿಸಿ ಬಂದಿದ್ದೆ.

"ಹೇಳಿ ಸರ್. ನಿಮ್ಮ ಕಾಲೇಜು ನಿಮ್ಮ ಮಗಳಿಗೆ ಯಾಕೆ ಬೇಡ ಆಯ್ತು?"

"ಮಂಗಳೂರು," ಎಂದೆ. ಈಗ ಕಮಲಕ್ಕ ಎಲ್ಲವನ್ನೂ ತಿಳಿದುಕೊಳ್ಳುತ್ತಾಳೆ, ಎದ್ದು ಹೋಗಿ ಎನ್ನುತ್ತಾಳೆ ಎಂದುಕೊಂಡೆ. ಹಾಗೆ ಅನ್ನಲಿ ಎಂದೂ ಒಳಗೊಂದು ಆಸೆ ಇತ್ತು.

ಕಮಲಕ್ಕ ದೊಡ್ಡ ಮಗಳ ಮೇಲೆ ರೇಗಿದಳು. "ಎಂತ ಮಾತು ಆಡ್ತೀಯೆ ಮೇಷ್ಟ್ರಿಗೆ? ಅವರು ಮನೆಯವ್ರು. ಅವರ ಮಕ್ಕಳೂ ನಾವೂ ಒಂದಾ? ನಾವು ಜನ." ಆಮೇಲೆ ನನ್ನ ಕಡೆ ತಿರುಗಿ, "ತಪ್ಪು ತಿಳ್ಕೊಬೇಡಿ ಮೇಷ್ಟ್ರೆ. ಎಲ್ಲಿ ಸೈನ್ ಹಾಕ್ಬೇಕು ತೋರಿಸಿ," ಎಂದಳು.

ದೀಪಶ್ರೀ ಎದ್ದು ಒಳಗೆ ಹೋದಳು. ಗಗನಾ ಅಳು ತಡೆದುಕೊಂಡು ನಿಂತಿದ್ದಳು. ನಾನು ಪೆನ್ನಿನ ಮುಚ್ಚಳ ತೆಗೆದು ಕಮಲಕ್ಕನ ಕೈಗೆ ಕೊಟ್ಟು, ಸಹಿ ಹಾಕುವ ಗೆರೆಯ ಮೇಲೆ ಬೆರಳಿಟ್ಟು ತೋರಿಸಿದೆ.